ಕಾತ್ರಜ ಘಾಟು ಹತ್ತಿ ಬಂದ ಕೊರೆಯಂತ್ರಗಳು

ಪುಣೆಯ ದಕ್ಷಿಣ ಅಂಚಿನ ಕಾತ್ರಜಕ್ಕೆ ಕೊರೆತ ಹೊಸದಲ್ಲ. 18ನೇ ಶತಮಾನದ ನಡುಭಾಗದಲ್ಲಿ ನಾನಾಸಾಹೇಬ ಪೇಶ್ವೆ ಇಲ್ಲಿನ ಕೆರೆಯ ನೀರನ್ನು ನೆಲದಡಿಯ ಕಲ್ಲುಗಾಲುವೆಯಲ್ಲಿ ಶನಿವಾರವಾಡೆ ಅರಮನೆಯವರೆಗೆ ಹರಿಸಿದ. ಮುಂದೆ ಘಾಟಿನ ಬೆಟ್ಟಕ್ಕೂ ಸುರಂಗ ಕೊರೆದರು. ಆ ಘಾಟು ಇಳಿದು ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಹರಿಹರ ದಾಟಿದರೆ ಬೆಂಗಳೂರು. ದೇಶದಲ್ಲಿ ಯಂತ್ರ ಮಾಡುವ ಯಂತ್ರಗಳು ಹುಟ್ಟಿದ ಕೆಲವು ದೊಡ್ಡ ಊರುಗಳು ಈ ಒಂದೇ ಹೆದ್ದಾರಿಯ ಮೇಲಿವೆ. ಲೇತಾಗಲಿ, ಡ್ರಿಲ್ಲಿಂಗ್ ಮಷಿನ್ನಾಗಲಿ, ಹರಿಹರದಿಂದಲೋ ಬೆಂಗಳೂರಿನಿಂದಲೋ ಲಾರಿಯಲ್ಲಿ ಪುಣೆಗೆ ಬರಬೇಕಾದರೆ ಈ ಗುಡ್ಡಸಾಲನ್ನು ಹತ್ತಲೇಬೇಕಿತ್ತು.

ಈ ಊರುಗಳ ನಂಟಿನ ಮೊದಲ ಎಳೆ ಬೆಳಗಾವಿಯದು. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅಣ್ಣನ ಜತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳತ್ತ ಹೊರಳಿದರು. ಬೆಳಗಾವಿ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜ ಜಾಗ ಕೊಟ್ಟ. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿ ಲೇತುಗಳಿಗೆ ಹೆಸರಾಯಿತು. ಮಗ ಶಂತನುರಾವ್ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಕಟ್ಟಿದರು. ಎಂಜಿನ್ ಎಂದರೆ ತೂತುಗಳದೇ ಲೆಕ್ಕ: ಪಿಸ್ಟನ್ ಓಡಲು, ಎಣ್ಣೆ ಹರಿಯಲು, ಬೋಲ್ಟು ಕೂರಲು, ಒಂದೊಂದಕ್ಕೂ ಒಂದೊಂದು.

ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ, 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್ ಎಂಬ ಯಂತ್ರೋಪಕರಣ ಕಂಪನಿಗಳು, 1962ರಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಬಂದವು. ಎಚ್‌ಎಂಟಿಯ ರೇಡಿಯಲ್ ಡ್ರಿಲ್ಲಿಂಗ್ ಮಷಿನ್ ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ದಶಕಗಟ್ಟಲೆ ದುಡಿಯಿತು. ಅದರ ಉದ್ದನೆಯ ತೋಳನ್ನು ಜಾಬಿನ (ಕೊರೆಯಬೇಕಾದ ತುಂಡಿನ) ಮೇಲೆ ತಿರುಗಿಸಿ, ಕೈಯಿಂದ ಫೀಡ್ ಕೊಡುತ್ತ, ಅಂದರೆ ಡ್ರಿಲ್ಲನ್ನು ಒಳಕ್ಕೆ ಒತ್ತುತ್ತ, ಸದ್ದು ಕೇಳಿಯೇ ಡ್ರಿಲ್ಲು ಯಾವಾಗ ಮೇಲೆತ್ತಬೇಕೆಂದು ಆಪರೇಟರ್ ತೀರ್ಮಾನಿಸುತ್ತಿದ್ದ.

ಮೇಲೆತ್ತುವುದೇ ಈ ಕಸುಬಿನ ತಿರುಳು. ಆಳದ ತೂತಿನಲ್ಲಿ ಲೋಹ ಕತ್ತರಿಸುವುದಕ್ಕಿಂತ, ಕತ್ತರಿಸಿದ ಚಿಪ್ಪನ್ನು ಹೊರಗೆ ತರುವುದು ಕಷ್ಟ. ಹಳೆಯ ಚಪ್ಪಟೆ ಬಿಟ್ಟುಗಳಿಗೆ ಚಿಪ್ಪನ್ನು ಮೇಲಕ್ಕೆ ತಳ್ಳುವ ಉಪಾಯವಿರಲಿಲ್ಲ. 1863ರಲ್ಲಿ ಅಮೆರಿಕದ ಸ್ಟೀಫನ್ ಮೋರ್ಸ್ ಪೇಟೆಂಟ್ ಪಡೆದ ತಿರುಚಿದ ಡ್ರಿಲ್ಲು ಅದರ ಸುರುಳಿ ಕಾಲುವೆಗಳಲ್ಲೇ ಚಿಪ್ಪನ್ನು ಎತ್ತಿ ತಂದಿತು. ಬಂದೂಕಿನ ನಳಿಕೆ ಕೊರೆಯುವವರದು ಬೇರೆ ದಾರಿ. ಗನ್ ಡ್ರಿಲ್ಲಿನ ಹೊಟ್ಟೆಯೊಳಗಿನಿಂದ ತುದಿಗೆ ಒತ್ತಡದಲ್ಲಿ ದ್ರವ ನುಗ್ಗಿಸಿದರೆ, ಅದು ಪಕ್ಕದ ನೇರ ಗೀರಿನಲ್ಲಿ ಚಿಪ್ಪನ್ನು ತೊಳೆದು ತರುತ್ತದೆ.

ಅಲ್ಯೂಮಿನಿಯಂ ಬಂದಾಗ ಲೆಕ್ಕ ಬದಲಾಯಿತು. ಹಾಲ್ ಮತ್ತು ಎರೂ ಎಂಬ ಇಬ್ಬರು ಸಂಶೋಧಕರು 1886ರಲ್ಲಿ ಕಂಡುಕೊಂಡ ವಿದ್ಯುತ್ ವಿಧಾನ ಅದನ್ನು ಅಗ್ಗವಾಗಿಸಿತು. ಬೆಂಗಳೂರಿನಲ್ಲಿ 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು, 1960ರ ದಶಕದಿಂದ ಪುಣೆಯ ಸುತ್ತ ಸ್ಕೂಟರ್, ಲಾರಿ ಕಾರ್ಖಾನೆಗಳು ಬೆಳೆದವು. ಇವಕ್ಕೆಲ್ಲ ಅಲ್ಯೂಮಿನಿಯಂ ಭಾಗಗಳು ಬೇಕಾದವು. ಈ ಲೋಹ ಮೆತ್ತಗಿದೆ, ಸುಲಭವಾಗಿ ಕೊರೆಯಬಹುದು ಎಂದುಕೊಂಡವರು ಆಳಕ್ಕೆ ಇಳಿದಾಗ ಎಡವಿದರು. 660 ಡಿಗ್ರಿಗೇ ಕರಗುವ ಅಲ್ಯೂಮಿನಿಯಂ ಬಿಸಿಗೆ ಜಿಗುಟಾಗಿ ಡ್ರಿಲ್ಲಿನ ಅಂಚಿಗೆ ಮೆತ್ತಿಕೊಳ್ಳುತ್ತದೆ. ಕಾಲುವೆ ಕಟ್ಟಿದರೆ ಡ್ರಿಲ್ಲು ಒಳಗೇ ಮುರಿಯುತ್ತದೆ. ಹಿಗ್ಗುವುದೂ ಉಕ್ಕಿನ ಸುಮಾರು ಎರಡು ಪಟ್ಟು. 100 ಮಿ.ಮೀ. ವ್ಯಾಸದ ತೂತು 40 ಡಿಗ್ರಿ ಬಿಸಿಯೇರಿದರೆ 0.09 ಮಿ.ಮೀ.ನಷ್ಟು ಹಿಗ್ಗುತ್ತದೆ. ಬಿಸಿಯಲ್ಲಿ ಅಳೆದಾಗ ಸರಿಯಿದ್ದ ಜಾಬು ತಣಿದ ಮೇಲೆ ಬೇರಿಂಗ್ ಹಿಡಿಸದೆ ವಾಪಸಾಗುತ್ತದೆ.

ಇದಕ್ಕೆ ಸಿಕ್ಕ ಉತ್ತರಗಳೆಲ್ಲ ಒಂದೇ ದಿನ ಬಂದವಲ್ಲ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅಂಕಿಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಮಷಿನ್ ಪ್ರದರ್ಶನಗೊಂಡಿತು. 1958ರಲ್ಲಿ ಕೀರ್ನಿ ಅಂಡ್ ಟ್ರೆಕರ್ ಕಂಪನಿ ತಾನೇ ಟೂಲ್ ಬದಲಿಸಿಕೊಳ್ಳುವ ಮಷಿನಿಂಗ್ ಸೆಂಟರ್ ತಂದಿತು. 1990ರ ದಶಕದಿಂದ ವಿಎಂಸಿ, ಅಂದರೆ ಟೂಲನ್ನು ಹಿಡಿದು ತಿರುಗಿಸುವ ಸ್ಪಿಂಡಲ್ ನೆಟ್ಟಗೆ ನಿಂತ ಮಷಿನಿಂಗ್ ಸೆಂಟರ್, ಸಣ್ಣ ಶೆಡ್ಡುಗಳಿಗೂ ಇಳಿಯಿತು. ಅದರಲ್ಲಿ ಡ್ರಿಲ್ಲು ಮೇಲಿನಿಂದ ಬರುವುದರಿಂದ ಚಿಪ್ಪು ತಿರುಗಿ ತೂತಿಗೇ ಬೀಳುತ್ತದೆ. ಹಾಗಾಗಿ ಹಳೆಯ ಆಪರೇಟರ್ ಕಿವಿಗೊಟ್ಟು ಮಾಡುತ್ತಿದ್ದ ಕೆಲಸ ಪ್ರೋಗ್ರಾಮಿನ ಒಂದು ಸಾಲಾಯಿತು: ಜಿ83. ಸ್ವಲ್ಪ ಕೊರೆ, ಪೂರ್ತಿ ಹೊರಗೆ ಬಾ, ಚಿಪ್ಪು ಉದುರಿಸು, ಮತ್ತೆ ಇಳಿ. ಜತೆಗೆ ಸ್ಪಿಂಡಲಿನೊಳಗಿನಿಂದಲೇ ನುಗ್ಗುವ ತಂಪು ದ್ರವ (ಕೂಲೆಂಟ್), ಕಾಲುವೆ ನುಣುಪಾಗಿಸಿದ ಕಾರ್ಬೈಡ್ ಡ್ರಿಲ್ಲು ಬಂದವು. ದೊಡ್ಡ ತೂತಿಗೆ ಇನ್ಸರ್ಟ್ (ಬದಲಿಸಬಹುದಾದ ಅಲಗು) ಕೂರಿಸಿದ ಯು-ಡ್ರಿಲ್ಲು, ಕೊನೆಯ ಅಳತೆಗೆ ಬೋರಿಂಗ್ ಬಾರ್. 50 ಮಿ.ಮೀ. ಡ್ರಿಲ್ಲು ನಿಮಿಷಕ್ಕೆ 2000 ಸುತ್ತು ತಿರುಗಿದರೆ ಅದರ ಅಂಚು ನಿಮಿಷಕ್ಕೆ 314 ಮೀಟರ್ ಓಡುತ್ತದೆ. ಆ ವೇಗದಲ್ಲಿ ಕೂಲೆಂಟ್ ನಿಂತರೆ ಆಪರೇಟರಿಗೆ ಯೋಚಿಸಲು ಸಮಯವೇ ಸಿಗದು.

ಈ ಕೌಶಲ ಬೆಳೆದ ಬಗೆಯನ್ನು ಯಾರೂ ಸರಿಯಾಗಿ ಬರೆದಿಟ್ಟಿಲ್ಲ ಎಂಬುದು ನೋವಿನ ಸಂಗತಿ. ಕಂಪನಿ ಕಟ್ಟಿದವರ ಜೀವನಚರಿತ್ರೆಗಳಿವೆ. ಮಷಿನಿನ ಮುಂದೆ ನಿಂತವರ ಅನುಭವದ ಪುಸ್ತಕಗಳು ಕನ್ನಡದಲ್ಲೂ ಮರಾಠಿಯಲ್ಲೂ ತೀರ ವಿರಳ. ಹರಿಹರದ ಕಾರ್ಖಾನೆ ಮುಚ್ಚಿದೆ, ಅಲ್ಲಿನ ಲೇತುಗಳು ಗುಜರಿಗೆ ಹೋಗುತ್ತಿವೆ. ಕಾತ್ರಜದಿಂದ ಬೆಂಗಳೂರಿನ ಪೀಣ್ಯದವರೆಗೆ ವರ್ಕ್‌ಶಾಪ್ ನಡೆಸುತ್ತಿರುವವರು ಹಳೆಯ ಯಂತ್ರವನ್ನು ತೂಕಕ್ಕೆ ಹಾಕುವ ಮೊದಲು ಅದರ ನಾಮಫಲಕದ ಚಿತ್ರ ತೆಗೆದಿಡಲಿ. ಅದನ್ನು ನಡೆಸಿದವರನ್ನು ಕೂರಿಸಿಕೊಂಡು ಫೀಡೆಷ್ಟು, ವೇಗವೆಷ್ಟು, ಡ್ರಿಲ್ಲು ಯಾವಾಗ ಎತ್ತುತ್ತಿದ್ದಿರಿ ಎಂದು ಕೇಳಿ ಬರೆದುಕೊಳ್ಳಲಿ. ಐಟಿಐಗಳು ಆ ಟಿಪ್ಪಣಿಗಳನ್ನು ಪಾಠವಾಗಿಸಲಿ.