ವುಡ್‌ವರ್ಡ್ ರಸ್ತೆಯ ಗುಡುಗು

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ನದೀತೀರದಿಂದ ಹೊರಟು ವಾಯವ್ಯಾಭಿಮುಖವಾಗಿ ಪಾಂಟಿಯಾಕ್ ಎಂಬ ಊರಿನವರೆಗೆ ಸಾಗುವ ವುಡ್‌ವರ್ಡ್ ರಸ್ತೆಯು ಮೂಲದಲ್ಲಿ ಅಲ್ಲಿಯ ಆದಿನಿವಾಸಿಗಳ ಪಾದಗಳು ತುಳಿದು ಮಾಡಿದ ದಾರಿ. 1909ರಲ್ಲಿ ಅದರ ಒಂದು ಮೈಲಿಯಷ್ಟಕ್ಕೆ ಕಾಂಕ್ರೀಟು ಹಾಸಿದಾಗ ಆ ದೇಶದಲ್ಲಿ ಅಂಥದು ಮೊದಲನೆಯದೆಂದು ದೂರದೂರದ ರಸ್ತೆ ಎಂಜಿನಿಯರುಗಳು ನೋಡಲು ಬಂದರು. 1913ರಲ್ಲಿ ಹೆನ್ರಿ ಫೋರ್ಡನು ಚಲಿಸುವ ಜೋಡಣಾ ಪಂಕ್ತಿಯನ್ನು ಮೊದಲು ಮಾಡಿದ ಹೈಲೆಂಡ್ ಪಾರ್ಕ್ ಕಾರ್ಖಾನೆ ಇದೇ ರಸ್ತೆಯ ಬದಿಯದು. ನಮ್ಮಲ್ಲಿ ಕಾಶಿಯ ಘಟ್ಟಗಳ ಹೆಸರೆತ್ತುವಾಗ ಹಿರಿಯರ ದನಿ ಹೇಗೆ ತಗ್ಗುತ್ತಿತ್ತೋ ಹಾಗೆ ಈ ರಸ್ತೆಯ ಹೆಸರೆತ್ತುವಾಗ ಅಲ್ಲಿಯ ವೃದ್ಧರ ದನಿ ತಗ್ಗುತ್ತದೆ. ಆದರೆ ಅವರ ಮನಸ್ಸಿನಲ್ಲಿ ಆಗ ಸುಳಿಯುವುದು ಫೋರ್ಡನೂ ಅಲ್ಲ, ಕಾಂಕ್ರೀಟೂ ಅಲ್ಲ. 1964ರಿಂದ 1974ರವರೆಗಿನ ಒಂದು ದಶಕ, ಮತ್ತು ಆ ದಶಕದ ಶನಿವಾರ ರಾತ್ರಿಗಳಲ್ಲಿ ಈ ರಸ್ತೆಯ ಮೇಲೆ ಗುಡುಗಿದ ಕಾರುಗಳು.

ಈಗ ಮಸಲ್ ಕಾರ್ ಎಂದು ಕರೆಯಲ್ಪಡುವ ಈ ಜಾತಿಗೆ ಆ ಕಾಲದ ಪತ್ರಿಕೆಗಳು ಸೂಪರ್‌ಕಾರ್ ಎಂಬ ಹೆಸರನ್ನೇ ಹೆಚ್ಚಾಗಿ ಬಳಸುತ್ತಿದ್ದವು. ಅದರ ಸೂತ್ರ ಅತಿ ಸರಳವಾದುದು: ಮಧ್ಯಮ ಗಾತ್ರದ ಸಾಮಾನ್ಯ ಕಾರಿನೊಳಗೆ ದೊಡ್ಡ ಕಾರಿನ ಎಂಜಿನ್ನನ್ನು ಕೂರಿಸಿ, ಸಾಮಾನ್ಯನ ಕೈಗೆಟಕುವ ಬೆಲೆಗೆ ಮಾರುವುದು. ಜನರಲ್ ಮೋಟಾರ್ಸ್ ಸಂಸ್ಥೆಯ ಆಡಳಿತವರ್ಗವು 1963ರ ಆದಿಯಲ್ಲಿ ತನ್ನ ವಿಭಾಗಗಳೆಲ್ಲವೂ ಪಂದ್ಯಗಳಿಂದ ದೂರವಿರತಕ್ಕದ್ದೆಂದು ಆಜ್ಞೆ ಹೊರಡಿಸಿತ್ತು. ಮಧ್ಯಮ ಗಾತ್ರದ ಕಾರುಗಳಲ್ಲಿ 330 ಘನ ಅಂಗುಲಕ್ಕೆ ಮೀರಿದ ಎಂಜಿನ್ನು ಇರಕೂಡದೆಂಬ ನಿಯಮವೂ ಇತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರಾಗಿದ್ದ ಜಾನ್ ಡಿಲೋರಿಯನ್ನನೂ ಅವನ ಸಹಾಯಕರೂ ಟೆಂಪೆಸ್ಟ್ ಎಂಬ ಸಾಧು ಕಾರಿನ 326 ಘನ ಅಂಗುಲದ ಎಂಜಿನ್ನಿಗೂ ತಮ್ಮ ದೊಡ್ಡ ಕಾರುಗಳ 389 ಘನ ಅಂಗುಲದ ಎಂಜಿನ್ನಿಗೂ ಹೊರಮೈಯ ಅಳತೆ ಒಂದೇ ಎಂಬುದನ್ನು ಕಂಡರು. ಅಂದರೆ ಒಂದನ್ನು ತೆಗೆದ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತಿತ್ತು. ನಿಯಮ ಹೊಸ ಮಾದರಿಗೆ ಅನ್ವಯಿಸುತ್ತದೆಯೇ ಹೊರತು, ಗಿರಾಕಿ ಇಚ್ಛೆಪಟ್ಟು ಹೆಚ್ಚಿಗೆ ಹಣ ಕೊಟ್ಟು ಪಡೆಯುವ ಜೋಡಣೆಗೆ ಮೇಲಿನವರ ಅಪ್ಪಣೆ ಬೇಕಾಗಿಲ್ಲವೆಂದು ಅವರು ವ್ಯಾಖ್ಯಾನ ಮಾಡಿಕೊಂಡರು. ಮೀಮಾಂಸಕರಿಗೆ ಒಪ್ಪತಕ್ಕ ವ್ಯಾಖ್ಯಾನ! ಸುಮಾರು 296 ಡಾಲರು ಹೆಚ್ಚಿಗೆ ತೆತ್ತವನಿಗೆ 325 ಅಶ್ವಶಕ್ತಿ ದೊರೆಯಿತು. ಮೂರು ಕಾರ್ಬ್ಯುರೇಟರುಗಳ ಏರ್ಪಾಟನ್ನು ಕೇಳಿದವನಿಗೆ 348. ಮಾರಾಟದವರು ಹೆದರಿಕೊಂಡು ಐದು ಸಾವಿರ ಸಾಕೆಂದಿದ್ದರು. ಮೊದಲ ವರ್ಷವೇ 32,450 ಹೋದವು.

ಆ ಜೋಡಣೆಗೆ ಡಿಲೋರಿಯನ್ ಇಟ್ಟ ಜಿಟಿಓ ಎಂಬ ಹೆಸರು ಇಟಲಿಯ ಫೆರಾರಿಯವರದು, ಹಾಡುಹಗಲೇ ಎತ್ತಿಕೊಂಡದ್ದು. 1964ರ ಮಾರ್ಚಿನಲ್ಲಿ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ ಈ ಎರಡು ಜಿಟಿಓಗಳನ್ನೂ ಮುಖಪುಟದ ಚಿತ್ರದಲ್ಲಿ ಪಕ್ಕಪಕ್ಕದಲ್ಲಿ ಓಡಿಸಿತು. ಓಡಿದ್ದು ಚಿತ್ರದಲ್ಲಿ ಮಾತ್ರ. ಪರೀಕ್ಷೆಗೆ ಬಂದ ಪಾಂಟಿಯಾಕ್ ಕಾರು ನಿಂತಲ್ಲಿಂದ ಗಂಟೆಗೆ ಅರವತ್ತು ಮೈಲಿಯ ವೇಗವನ್ನು 4.6 ಸೆಕೆಂಡುಗಳಲ್ಲಿ ಮುಟ್ಟಿತೆಂದು ಅದು ಸಾರಿತು, ಮತ್ತು ಆ ಅಂಕಿ ಒಂದು ತಲೆಮಾರಿಗೆ ಕಂಠಪಾಠವಾಯಿತು. ಪಾಂಟಿಯಾಕಿನ ಜಾಹೀರಾತುಗಳನ್ನು ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್ ದಶಕಗಳು ಕಳೆದ ಮೇಲೆ, ಆ ಕಾರಿನೊಳಗಿದ್ದದ್ದು 389 ಅಲ್ಲ, ಗುಟ್ಟಾಗಿ ಕೂರಿಸಿದ 421 ಘನ ಅಂಗುಲದ ಎಂಜಿನ್ನೆಂದು ತಾನೇ ಒಪ್ಪಿಕೊಂಡ. ಆಶ್ಚರ್ಯವೆಂದರೆ ಇದರಿಂದ ಭಕ್ತರಲ್ಲಿ ಒಬ್ಬನಿಗಾದರೂ ಮನಸ್ಸು ಕದಡಿದಂತೆ ಕಾಣಲಿಲ್ಲ. ಮೆಚ್ಚುಗೆಯ ಬೇರು ಆ ಅಂಕಿಯಲ್ಲಿ ಇರಲಿಲ್ಲವೆಂದು ನನಗೆ ತೋರುತ್ತದೆ.

ಇತರ ಸಂಸ್ಥೆಗಳೂ ಬೇಗನೆ ಹಿಂಬಾಲಿಸಿದವು. ಪ್ಲಿಮತ್ ಕಾರುಗಳ ತಯಾರಕರು 1968ರಲ್ಲಿ ವ್ಯಂಗ್ಯಚಿತ್ರದ ಹಕ್ಕಿಯೊಂದರ ಹೆಸರಿಗಾಗಿ ವಾರ್ನರ್ ಬ್ರದರ್ಸ್ ಸಂಸ್ಥೆಗೆ 50,000 ಡಾಲರು ತೆತ್ತು, ರೋಡ್‌ರನ್ನರ್ ಎಂಬ ಅಗ್ಗದ ಕಾರಿಗೆ ಆ ಹಕ್ಕಿಯ ಬೀಪ್ ಬೀಪ್ ಕೂಗನ್ನೇ ಹಾರನ್ನಾಗಿ ಅಳವಡಿಸಿದರು. ಇತ್ತ ಜನರಲ್ ಮೋಟಾರ್ಸಿನದೇ ಆದ ಷೆವೆಲ್ ಕಾರಿನ 1970ರ ಅತ್ಯುಗ್ರ ಮಾದರಿ 450 ಅಶ್ವಶಕ್ತಿಯನ್ನು ಘೋಷಿಸಿತು.

ಆ ಮೆಚ್ಚುಗೆಯ ಬೇರು ಧ್ವನಿಯಲ್ಲಿತ್ತು. ಈ ಕಾರುಗಳ ಎಂಜಿನ್ನಿನಲ್ಲಿ ಎಂಟು ಸಿಲಿಂಡರುಗಳು ನಾಲ್ಕು ನಾಲ್ಕಾಗಿ ಎರಡು ಸಾಲಿನಲ್ಲಿ, ವಿ ಅಕ್ಷರದ ಎರಡು ತೋಳುಗಳಂತೆ ನಿಂತಿರುತ್ತವೆ. ಒಂದೊಂದು ಸಾಲಿನ ಹೊಗೆಗೆ ಒಂದೊಂದು ಕೊಳವೆ. ಸ್ಫೋಟಗಳು ಸಮಾನ ಅಂತರದಲ್ಲೇ ಆಗುತ್ತವಾದರೂ ಅವುಗಳ ಸರದಿ ಎಡ, ಬಲ, ಬಲ, ಎಡ, ಬಲ, ಎಡ, ಎಡ, ಬಲ ಎಂದು ಬರುವುದರಿಂದ, ಯಾವ ಕೊಳವೆಗೆ ಕಿವಿಗೊಟ್ಟರೂ ಕೇಳುವುದು ಸಮವಲ್ಲದ ಲಯ: ಒಮ್ಮೆ ಜೋಡಿ ಪೆಟ್ಟು, ಒಮ್ಮೆ ಬಿಡುವು, ಮತ್ತೆ ಒಂಟಿ ಪೆಟ್ಟು. ಮೃದಂಗದ ಲೆಕ್ಕ ಬಲ್ಲ ನಮ್ಮವರು ಇದನ್ನು ಕೇಳಿದರೆ ತೊಡೆಯ ಮೇಲೆ ಬೆರಳು ಮಡಿಸದೆ ಇರಲಾರರು. ಕಾರು ನಿಂತಿರುವಾಗ ಆ ಲಯ ಗಂಟಲಲ್ಲಿ ಗೊಣಗುತ್ತದೆ. ಆಕ್ಸಿಲರೇಟರನ್ನು ಒತ್ತಿದಾಗ ಕಿವಿಗಿಂತ ಮೊದಲು ಎದೆಗೂಡಿಗೆ ತಾಕುತ್ತದೆ.

ಕೊಂಡವರು ಯಾರು? ಮಹಾಯುದ್ಧದ ಕಾಲದಲ್ಲೂ ಅದರ ತರುವಾಯವೂ ಹುಟ್ಟಿ ಆಗತಾನೆ ಪ್ರಾಯಕ್ಕೆ ಬಂದವರು. ಅವರಲ್ಲಿ ಬಹುಮಂದಿ ಇದೇ ಕಾರ್ಖಾನೆಗಳಲ್ಲಿ ದುಡಿಯುವವರು ಅಥವಾ ಅಂಥವರ ಮಕ್ಕಳು. ಕಾರ್ಮಿಕ ಸಂಘ ಹೋರಾಡಿ ಗಳಿಸಿದ ಕೂಲಿ ಅವರ ಕಿಸೆಯಲ್ಲಿತ್ತು; ಪೆಟ್ರೋಲು ಗ್ಯಾಲನ್ನಿಗೆ ಮೂವತ್ತು ಸೆಂಟಿನ ಆಸುಪಾಸು. ಸಂಜೆಯಾದರೆ ವುಡ್‌ವರ್ಡ್ ಬದಿಯ ತಿಂಡಿ ಅಂಗಡಿಗಳ ಅಂಗಳದಲ್ಲಿ ಸೇರಿ, ಕಾರಿನಲ್ಲೇ ಕುಳಿತು ತಿಂದು, ಒಂದು ಸಿಗ್ನಲ್ ದೀಪದಿಂದ ಮತ್ತೊಂದು ದೀಪದವರೆಗೆ ಪಂದ್ಯ ಕಟ್ಟುವುದು ಅವರ ವಿನೋದ. ಬಾನೆಟ್ ಎತ್ತಿದರೆ ಒಳಗಿನದೆಲ್ಲ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು; ಒಂದು ಸ್ಕ್ರೂಡ್ರೈವರು, ಒಂದು ಫೀಲರ್ ಗೇಜು, ಒಬ್ಬ ಅಣ್ಣನೋ ನೆರೆಯವನೋ ಇದ್ದರೆ ಹದಿನೆಂಟರ ಹುಡುಗನು ಭಾನುವಾರ ಬೆಳಗ್ಗೆ ಕಾರ್ಬ್ಯುರೇಟರನ್ನು ಬಿಚ್ಚಿ ಸಂಜೆಯೊಳಗೆ ಕೂಡಿಸಬಲ್ಲವನಾಗಿದ್ದನು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅಪಚಾರವಾದೀತು. ಮೊದಲ ಜಿಟಿಓವಿಗೆ ನಾಲ್ಕು ಚಕ್ರಗಳಿಗೂ ಇದ್ದದ್ದು ಡ್ರಮ್ ಬ್ರೇಕುಗಳು. ವೇಗವಾಗಿ ಬಂದು ಎರಡು ಮೂರು ಸಲ ತುಳಿದರೆ ಅವು ಕಾದು ಸೋಲುತ್ತಿದ್ದವು. ಸ್ಟೀರಿಂಗಿನ ಕಂಬ ಅಪಘಾತದಲ್ಲಿ ಚಾಲಕನ ಎದೆಗೆ ಈಟಿಯಂತೆ ಬರುತ್ತಿತ್ತು. 1966ರಲ್ಲಿ ಆ ದೇಶದ ರಸ್ತೆಗಳ ಮೇಲೆ 50,000ಕ್ಕೂ ಮಿಗಿಲಾಗಿ ಜನ ಸತ್ತರು; ರಾಲ್ಫ್ ನೇಡರ್ ಹಿಂದಿನ ವರ್ಷವಷ್ಟೇ ಈ ಉದ್ಯಮದ ಔದಾಸೀನ್ಯವನ್ನು ಪುಸ್ತಕ ಬರೆದು ಬಯಲಿಗೆಳೆದಿದ್ದನು. ಹಳೆಯ ಕಾರೇ ಗಟ್ಟಿ ಎಂದು ಅದರ ತಗಡಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸುವವರನ್ನು ನಾನು ಕಂಡಿದ್ದೇನೆ. ಗಟ್ಟಿಯಾಗಿದ್ದದ್ದು ಕಾರು; ಅಪಘಾತವಾದಾಗ ಕಾರು ಮಣಿಯದಿದ್ದರೆ ಒಳಗಿದ್ದವನು ಮಣಿಯಬೇಕಾಗುತ್ತಿತ್ತು.

ಅವಸಾನ ತ್ವರಿತವಾಗಿ ಬಂತು. ವಿಮೆಯವರು ಹರೆಯದವರ ಕಾರುಗಳ ಮೇಲೆ ಹೇರಿದ ಹೊರೆ ಕೆಲವೊಮ್ಮೆ ಕಾರಿನ ಕಂತನ್ನೇ ಮೀರಿಸಿತು. 1970ರ ಕೊನೆಯ ದಿನ ಸಹಿಯಾದ ಶುದ್ಧವಾಯು ಕಾಯಿದೆ ಹೊಗೆಯಲ್ಲಿನ ವಿಷವನ್ನು ಶೇಕಡ 90ರಷ್ಟು ತಗ್ಗಿಸಬೇಕೆಂದು ವಿಧಿಸಿತು. ಸೀಸ ಬೆರೆಸದ ಪೆಟ್ರೋಲಿಗೆ ಒಗ್ಗಲೆಂದು 1971ರಲ್ಲಿ ಎಂಜಿನ್ನುಗಳ ಒತ್ತಡವನ್ನು ಇಳಿಸಿದರು. ಮರುವರ್ಷ ಅಶ್ವಶಕ್ತಿಯನ್ನು ಅಳೆಯುವ ಕ್ರಮವೇ ಬದಲಾಯಿತು: ಅದುವರೆಗೆ ಬರಿಮೈಯ ಎಂಜಿನ್ನನ್ನು ಕಟ್ಟೆಯ ಮೇಲೆ ಓಡಿಸಿ ಅಳೆಯುತ್ತಿದ್ದವರು ಈಗ ಆಲ್ಟರ್ನೇಟರು, ಸೈಲೆನ್ಸರುಗಳ ಹೊರೆಸಹಿತ ಅಳೆಯತೊಡಗಿದರು. 1973ರ ಅಕ್ಟೋಬರಿನಲ್ಲಿ ಅರಬ್ಬರು ತೈಲವನ್ನು ತಡೆದರು. 1974ರ ಜಿಟಿಓ 200 ಅಶ್ವಶಕ್ತಿಯ ಬಡಕಲು; ಏಳು ಸಾವಿರ ಮಾರಾಟವಾಗಿ ಆ ಹೆಸರು ಆಗ ಮರೆಯಾಯಿತು. ಪಾಂಟಿಯಾಕ್ ಎಂಬ ಹೆಸರೇ 2010ರಲ್ಲಿ ಅಳಿಯಿತು.

ಫರ್ನ್‌ಡೇಲ್ ಊರಿನವರು ಮಕ್ಕಳ ಫುಟ್ಬಾಲ್ ಮೈದಾನಕ್ಕೆ ಹಣ ಕೂಡಿಸಲೆಂದು 1995ರ ಆಗಸ್ಟಿನಲ್ಲಿ ವುಡ್‌ವರ್ಡ್ ರಸ್ತೆಯ ಮೇಲೆ ಹಳೆಯ ಕಾರುಗಳ ಮೆರವಣಿಗೆಯನ್ನು ಏರ್ಪಡಿಸಿದರು. ಎರಡೂವರೆ ಲಕ್ಷ ಜನ ಬಂದರಂತೆ. ಅಂದಿನಿಂದ ಅದು ವಾರ್ಷಿಕ ಜಾತ್ರೆ. ಈ ಜಾತ್ರೆಯ ಮಾರ್ಗವನ್ನು ಭೂಪಟದಲ್ಲಿ ನೋಡಿದರೆ ಅದು ಏಟ್ ಮೈಲ್ ರಸ್ತೆಯ ಉತ್ತರಕ್ಕೆ ಮೊದಲಾಗುತ್ತದೆ; ಆ ರಸ್ತೆಯೇ ಡೆಟ್ರಾಯಿಟ್ ನಗರದ ಗಡಿ, ಮತ್ತು ಬಹುಕಾಲದಿಂದ ಕರಿಯರ ಬಿಳಿಯರ ನಡುವಣ ಗಡಿ. 1950ರಲ್ಲಿ 18 ಲಕ್ಷಕ್ಕೂ ಮೀರಿ ಇದ್ದ ನಗರದ ಜನಸಂಖ್ಯೆ 2020ಕ್ಕೆ 6.4 ಲಕ್ಷಕ್ಕೆ ಇಳಿದಿತ್ತು. 1967ರ ಜುಲೈಯಲ್ಲಿ ಈ ನಗರದಲ್ಲಿ ನಡೆದ ದಂಗೆಯಲ್ಲಿ 43 ಜನ ಸತ್ತದ್ದೂ ಅದೇ ಸುವರ್ಣ ದಶಕದಲ್ಲಿಯೇ; ಸ್ಮರಣೆಯ ಮೆರವಣಿಗೆ ಅತ್ತ ತಿರುಗುವುದಿಲ್ಲ.

ನನ್ನ ಸೋದರಳಿಯ ಅಲ್ಲಿಯ ಉಪನಗರವೊಂದರಲ್ಲಿದ್ದಾನೆ. ಕಾರಿನ ಹೊಗೆಯಲ್ಲಿ ಏನೇನು ಎಷ್ಟೆಷ್ಟು ಇರಬೇಕೆಂಬುದನ್ನು ಎಂಜಿನ್ನಿಗೆ ಕ್ಷಣಕ್ಷಣಕ್ಕೂ ಹೇಳುವ ಗಣಕದ ಆಜ್ಞಾವಳಿಯನ್ನು ಬರೆಯುವುದು ಅವನ ಕಸುಬು. ಅವನ ಜೊತೆಯಲ್ಲಿ ಒಂದು ಆಗಸ್ಟಿನ ಶನಿವಾರ ವುಡ್‌ವರ್ಡ್ ಬದಿಯಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಕುಳಿತೆ. ಹೊಸ ಕಾರುಗಳೂ ಹಳೆಯವುಗಳ ನಡುವೆ ಹಾದುಹೋಗುತ್ತಿದ್ದವು. 2023ರ ಡಾಡ್ಜ್ ಚಾಲೆಂಜರಿನ ಕೊನೆಯ ಉಗ್ರರೂಪಕ್ಕೆ 1,025 ಅಶ್ವಶಕ್ತಿ; ಅದರ ಮುಂದೆ ಹಳೆಯ ವೀರರೆಲ್ಲ ಬಾಲಕರು. ಅದೇ ಡಾಡ್ಜ್‌ನ ವಿದ್ಯುತ್ ಚಾರ್ಜರಿಗೆ ಎಂಜಿನ್ನೇ ಇಲ್ಲ, ಆದರೂ ಹಿಂಬದಿಯಲ್ಲಿ ಧ್ವನಿಪೆಟ್ಟಿಗೆಗಳನ್ನಿಟ್ಟು ಹಳೆಯ ಗರ್ಜನೆಯನ್ನು ಹೋಲುವ ಸದ್ದನ್ನು ಹೊರಡಿಸುತ್ತಾರೆ. ಅದು ಗುಡುಗುತ್ತ ಹೋದಾಗ ಜನ ತಿರುಗಿ ನೋಡಿದರು, ಮತ್ತೆ ಮುಖ ತಿರುಗಿಸಿಕೊಂಡರು.

ಸಂಜೆಯ ಹೊತ್ತಿಗೆ ಕಡುನೀಲಿಯ ಜಿಟಿಓ ಒಂದು ನಮ್ಮೆದುರಿಗೆ ನಿಂತಿತು. ಅದರ ಲಯದಲ್ಲಿ ಎಲ್ಲಿಯೋ ಒಂದು ಪೆಟ್ಟು ತಪ್ಪುತ್ತಿತ್ತು. ನನಗೆ ತಿಳಿಯಲಿಲ್ಲ, ಸೋದರಳಿಯ ತಲೆಯೆತ್ತಿದ. “ಒಂದು ಸಿಲಿಂಡರ್ ಉರೀತಿಲ್ಲ,” ಎಂದು ಎದ್ದುಹೋಗಿ ಕಾರಿನ ಒಡೆಯನಿಗೆ ಹೇಳಿದ. ಎಂಬತ್ತರ ಆಚೀಚಿನ ಆ ಮುದುಕ ನಕ್ಕು, ಬೆಳಗಿನಿಂದಲೂ ತನಗೆ ಗೊತ್ತಿದೆ, ಏಳನೆಯದು, ಎಂದ. ಬಾನೆಟ್ ಎತ್ತಿದ. ಸೋದರಳಿಯ ಫೋನಿನ ದೀಪ ಹಿಡಿದ; ಮುದುಕ ಚಿಂದಿಬಟ್ಟೆ ಸುತ್ತಿದ ಕೈಯಿಂದ ತಂತಿ ಕಿತ್ತು, ಪ್ಲಗ್ಗನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟ. ಅದರ ತುದಿ ಕಾಡಿಗೆಯಂತೆ ಕಪ್ಪಾಗಿತ್ತು, ಪೆಟ್ರೋಲಿನಿಂದ ತೊಯ್ದಿತ್ತು. ಮುದುಕ ಹೊಸ ಪ್ಲಗ್ಗಿಗಾಗಿ ಡಿಕ್ಕಿಯಲ್ಲಿ ಹುಡುಕುತ್ತಿರುವಷ್ಟು ಹೊತ್ತೂ ನನ್ನ ಸೋದರಳಿಯ, ಆ ಮಸಿಯನ್ನು ಲೋಕದಿಂದ ಇಲ್ಲವಾಗಿಸುವುದಕ್ಕೆ ಸಂಬಳ ಪಡೆಯುವವನು, ಬೆರಳನ್ನು ಮೂಗಿನ ಬಳಿ ಹಿಡಿದುಕೊಂಡೇ ನಿಂತಿದ್ದ.