ಒಣಗಿದ್ದು ಸತ್ತದ್ದಲ್ಲ: ಗಡ್ಡೆಯ ಇಬ್ಬನಿ ಗಿಡದ ಚರಿತ್ರೆ



ನಾನು ಮೆಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಸಸ್ಯಶಾಸ್ತ್ರ ಓದಿದವನಲ್ಲ. ಆದರೂ ಒಂದು ಗಿಡದ ಚರಿತ್ರೆಯನ್ನು ನಿಮಗೆ ಹೇಳಬೇಕೆನಿಸಿದೆ. ಕಾರಣವಿಷ್ಟೆ: ಆ ಗಿಡವನ್ನು ನಾನೊಮ್ಮೆ ಸತ್ತಿತೆಂದು ತಿಳಿದು ಎಸೆದುಬಿಟ್ಟಿದ್ದೆ.

ಆಗ ನಾನು ಊಟಿಯಲ್ಲಿದ್ದೆ. ಆಗಸ್ಟ್ ತಿಂಗಳ ಒಂದು ಭಾನುವಾರ ಹುಲ್ಲುಗುಡ್ಡದ ಮೇಲೆ ಅಡ್ಡಾಡುವಾಗ, ಮಧ್ಯಾಹ್ನವಾದರೂ ಇಬ್ಬನಿ ಆರದ ಒಂದು ಗಿಡ ಕಂಡಿತು. ಗೇಣುದ್ದದ ಕಾಂಡ, ಅರ್ಧಚಂದ್ರನಂಥ ಪುಟ್ಟ ಎಲೆಗಳು, ಎಲೆಯ ತುಂಬ ಕೆಂಪು ಕೂದಲು, ಪ್ರತಿ ಕೂದಲಿನ ತುದಿಯಲ್ಲೂ ಒಂದು ಹನಿ. ಮುಟ್ಟಿದರೆ ಅಂಟು. ಒಂದು ಗುಂಗುರು ಅದರಲ್ಲಿ ಸಿಕ್ಕಿಕೊಂಡಿತ್ತು. ಹೆಂಟೆ ಸಮೇತ ಕಿತ್ತು ತಂದು ಹಾಲಿನ ಪುಡಿಯ ಡಬ್ಬಿಯಲ್ಲಿ ನೆಟ್ಟೆ. ಜನವರಿ ಹೊತ್ತಿಗೆ ಗಿಡ ಕಪ್ಪಾಗಿ ಒರಗಿತು. ನೀರು ಹಾಕಿದೆ, ಚಿಗುರಲಿಲ್ಲ. ಬೇಸತ್ತು ಡಬ್ಬಿಯನ್ನು ಕಾಂಪೌಂಡ್ ಗೋಡೆಯ ಮೂಲೆಗೆ ಬೋರಲು ಹಾಕಿದೆ. ಜೂನಿನಲ್ಲಿ ಮಳೆ ಹಿಡಿಯಿತು. ಜುಲೈನಲ್ಲಿ ನೋಡುತ್ತೇನೆ, ನಾನು ಎಸೆದ ಮಣ್ಣಿನಿಂದಲೇ ಅದೇ ಅರ್ಧಚಂದ್ರದ ಎಲೆಗಳು ಎದ್ದಿದ್ದವು! ಬೆರಳಿನಿಂದ ಕೆದಕಿದರೆ, ಅಡಿಯಲ್ಲಿ ಕಡಲೆಕಾಳಿನಷ್ಟು ಒಂದು ಗಡ್ಡೆ.

ಬ್ಯಾಂಕಿನವನಾದ ನನಗೆ ಆಗ ಅರ್ಥವಾಯಿತು. ಎಲೆ ಮಳೆಗಾಲದಲ್ಲಿ ದುಡಿಯುತ್ತದೆ, ದುಡಿದದ್ದನ್ನು ಗಡ್ಡೆಯಲ್ಲಿ ಮುದ್ದತಿ ಠೇವಣಿ ಇಡುತ್ತದೆ, ಬೇಸಿಗೆಗೆ ಅಂಗಡಿ ಮುಚ್ಚುತ್ತದೆ. ನಾನು ಮುಚ್ಚಿದ ಬಾಗಿಲು ನೋಡಿ ದಿವಾಳಿ ಎಂದುಕೊಂಡಿದ್ದೆ.

ಈ ಕುಲಕ್ಕೆ ಶಾಸ್ತ್ರದಲ್ಲಿ ಡ್ರೊಸೆರಾ ಎಂದು ಹೆಸರು. ಇಬ್ಬನಿ ಕೂಡಿದ್ದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ನಾವು ಇಬ್ಬನಿ ಗಿಡ ಎನ್ನೋಣ. ನೀಲಗಿರಿಯ ಗಿಡವನ್ನು ಕೆಲವರು ಡ್ರೊಸೆರಾ ಪೆಲ್ಟಾಟಾ ಎನ್ನುತ್ತಾರೆ, ಕೆಲವರು ಡ್ರೊಸೆರಾ ಲೂನಾಟಾ ಎನ್ನುತ್ತಾರೆ. ಲೂನಾ ಎಂದರೆ ಚಂದ್ರ. ಈ ಎರಡನೆಯ ಹೆಸರಿನ ಹಿಂದೆ ಇರುವವನು ನಮಗೆ ಹೊಸಬನಲ್ಲ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿ ನಮ್ಮ ಹೊಲ, ಕೆರೆ, ಬೆಳೆಗಳನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್. ಮಲಬಾರಿನಿಂದ ಕೆನರಾಕ್ಕೆ ಆತ ಹೋದದ್ದು ಕಾಸರಗೋಡು ಸೀಮೆಯ ಮೂಲಕವೇ. ಅಲ್ಲಿಂದ ಮುಂದೆ 1802-03ರಲ್ಲಿ ನೇಪಾಳಕ್ಕೆ ಹೋಗಿ ಗಿಡಗಳನ್ನು ಸಂಗ್ರಹಿಸಿದ. ಆತ ಕೊಟ್ಟ ಲೂನಾಟಾ ಎಂಬ ಹೆಸರನ್ನು 1824ರಲ್ಲಿ ಡಿ ಕಾಂಡೋಲ್ ಎಂಬ ಪಂಡಿತರು ಅಚ್ಚು ಹಾಕಿಸಿದರು.

ಗಿಡ ಹುಳವನ್ನು ತಿನ್ನುವುದು ನಿಜವೇ? ಇದನ್ನು ಲೆಕ್ಕವಿಟ್ಟು ನೋಡಿದವರು ಚಾರ್ಲ್ಸ್ ಡಾರ್ವಿನ್. 1860ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಬಯಲಿನಲ್ಲಿ, ಗಡ್ಡೆ ಇಲ್ಲದ ಇನ್ನೊಂದು ಜಾತಿಯ 12 ಗಿಡಗಳನ್ನು ಕೈಗೆ ಸಿಕ್ಕಂತೆ ಕಿತ್ತರು. ಪೂರ್ತಿ ಅರಳಿದ ಎಲೆ 56. ಅವುಗಳಲ್ಲಿ 31ರ ಮೇಲೆ ಸತ್ತ ಹುಳ. ಆಮೇಲೆ ಮನೆಯಲ್ಲೇ ಗಿಡಗಳನ್ನಿಟ್ಟುಕೊಂಡು ಮಾಂಸ, ಹಾಲು, ಮೊಟ್ಟೆಯ ಬಿಳಿ, ಗಾಜಿನ ಚೂರು ಎಲ್ಲವನ್ನೂ ಎಲೆಗೆ ಕೊಟ್ಟು ನೋಡಿದರು. 15 ವರ್ಷದ ಈ ಕೆಲಸ 1875ರಲ್ಲಿ ಪುಸ್ತಕವಾಯಿತು. ಆದರೂ ಹುಳದಿಂದ ಗಿಡಕ್ಕೆ ಲಾಭವುಂಟೇ ಎಂದು ಜನ ಕೇಳಿದರು. ಅವರ ಮಗ ಫ್ರಾನ್ಸಿಸ್ 1877ರಲ್ಲಿ ಸುಮಾರು 200 ಗಿಡಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾಂಸದ ಸಣ್ಣ ಚೂರು ಕೊಟ್ಟರು, ಇನ್ನೊಂದನ್ನು ಉಪವಾಸ ಕೆಡವಿದರು. ಉಂಡ ಗಿಡಗಳು ಮೂರು ಪಟ್ಟಿಗೂ ಹೆಚ್ಚು ತೂಕದ ಬೀಜ ಕೊಟ್ಟವು. ಚಳಿಗಾಲ ಕಳೆದ ಮೇಲೂ ಅವೇ ಬಲವಾಗಿ ಚಿಗುರಿದವು. ಠೇವಣಿಯ ಮಾತು ಅಲ್ಲಿಯೂ ಸುಳ್ಳಾಗಲಿಲ್ಲ ನೋಡಿ.

ಗಡ್ಡೆ ಬಿಡುವ ಜಾತಿಗಳ ತವರು ಮಾತ್ರ ಆಸ್ಟ್ರೇಲಿಯಾ, ಅದರಲ್ಲೂ ನೈರುತ್ಯದ ಪರ್ತ್ ಸೀಮೆ. ಅಲ್ಲಿ ಬೇಸಿಗೆ ಎಂದರೆ ಉರಿ, ಕಾಡುಗಿಚ್ಚು. ಗಡ್ಡೆ ಮಣ್ಣಿನಡಿಯಲ್ಲಿ ಅದನ್ನೆಲ್ಲ ನಿದ್ದೆಯಲ್ಲೇ ಕಳೆಯುತ್ತದೆ. ಕೆಲವು ಜಾತಿ ಬೆಂಕಿ ಹಾಯ್ದ ಮರುವರ್ಷವೇ ಧಾರಾಳವಾಗಿ ಹೂಬಿಡುತ್ತವೆ. ಜೂನಿನಲ್ಲಿ ಅಲ್ಲಿ ಚಳಿಗಾಲದ ಮಳೆ, ನಮ್ಮ ನೀಲಗಿರಿಯಲ್ಲಿ ಮುಂಗಾರು. ಋತು ಬೇರೆಯಾದರೂ ಎರಡು ಕಡೆಯೂ ಗಿಡ ಏಳುವುದು ಮಳೆಗೇ. ಪಶ್ಚಿಮ ಆಸ್ಟ್ರೇಲಿಯಾದ ಆಲನ್ ಲೌರಿ ಎಂಬವರು ವರ್ಷಾನುಗಟ್ಟಲೆ ಈ ಗಿಡಗಳನ್ನು ಹುಡುಕಿ, ಬರೆದು, ಚಿತ್ರಿಸಿ 1987ರಿಂದ ಪುಸ್ತಕಗಳನ್ನು ತಂದರು. ಮನೆಯಲ್ಲಿ ಬೆಳೆಸುವವರಿಗೆ ಅವರ ಪುಸ್ತಕಗಳಿಂದ ದೊಡ್ಡ ಉಪಕಾರವಾಯಿತು.

ಈಗ ಬೆಳೆಸುವ ಮಾತು. ಹೊಸೂರಿನ ನನ್ನ ಮನೆಯಲ್ಲಿ, ಬೀಜದಿಂದ ಬೆಳೆಸಿದವರೊಬ್ಬರು ಕೊಟ್ಟ ಗಡ್ಡೆಗಳಿವೆ. ಆರಂಗುಲ ಆಳದ ಕುಂಡ. ಅದರಲ್ಲಿ ಪೀಟ್ ಒಂದು ಪಾಲು, ತೊಳೆದ ಬಿಳಿ ಮರಳು ಒಂದು ಪಾಲು. ಗೊಬ್ಬರ, ಸಗಣಿ, ಯೂರಿಯಾ ಯಾವುದೂ ಬೇಡ. ಹಾಕಿದರೆ ಬೇರು ಸುಟ್ಟುಹೋಗುತ್ತದೆ. ಮಳೆನೀರನ್ನೇ ಕೊಡಬೇಕು, ನಮ್ಮ ಬೋರ್‌ವೆಲ್ಲಿನ ಉಪ್ಪು ಅದಕ್ಕೆ ವಿಷ. ಗಿಡ ಎದ್ದಿರುವಾಗ ತಟ್ಟೆಯಲ್ಲಿ ಬೆರಳಗಲ ನೀರಿರಲಿ. ಹಗಲು 15ರಿಂದ 20 ಡಿಗ್ರಿ, ರಾತ್ರಿ ಅದಕ್ಕಿಂತ ತಂಪು ಇದ್ದರೆ ಉತ್ತಮ. ಕಿಟಕಿಯ ಬೆಳಕು ಸಾಲದಿದ್ದರೆ ಒಂದಡಿ ಮೇಲೆ ಬಿಳಿ ಎಲ್‌ಇಡಿ ಪಟ್ಟಿ ಕಟ್ಟಿ ದಿನಕ್ಕೆ 12 ಗಂಟೆ ಉರಿಸಿ. ಕಾಂಡ ಸೊರಗಿ ಉದ್ದವಾಗಿ, ಹನಿ ಕಡಿಮೆಯಾದರೆ ಬೆಳಕು ಸಾಲದು ಎಂದರ್ಥ. ಎಲೆ ಹಳದಿಯಾಗತೊಡಗಿತೋ, ತಟ್ಟೆ ತೆಗೆಯಿರಿ, ಕುಂಡವನ್ನು ನೆರಳಿಗಿಡಿ. ತಿಂಗಳಿಗೊಮ್ಮೆ ಅಂಚಿಗೆ ಎರಡು ಚಮಚ ನೀರು ಸಾಕು. ಅಗೆದು ನೋಡಬೇಡಿ. ನಿದ್ದೆಯಲ್ಲಿರುವ ಗಡ್ಡೆ ಸಾಯುವುದು ಹೆಚ್ಚಾಗಿ ನಮ್ಮ ಪ್ರೀತಿಯ ನೀರಿನಿಂದಲೇ.

ವಯನಾಡು, ನೀಲಗಿರಿಯವರಿಗೆ ಇದು ಸುಲಭ. ಸೊಲ್ಲಾಪುರ, ಆದೋನಿಯ ಬಿಸಿಲಿಗೆ ಇದು ಒಗ್ಗುವುದಿಲ್ಲ, ಸುಮ್ಮನೆ ಆಸೆ ತೋರಿಸಲಾರೆ. ಕಾಸರಗೋಡಿನವರೇ, ನಿಮಗೆ ಕುಂಡವೇ ಬೇಡ. ಮಳೆಗಾಲದಲ್ಲಿ ಮುರಕಲ್ಲಿನ ಪಾರೆಯ ಮೇಲೆ ಬಗ್ಗಿ ನೋಡಿ. ಗಡ್ಡೆ ಇಲ್ಲದ, ಒಂದೇ ವರ್ಷ ಬಾಳುವ ಡ್ರೊಸೆರಾ ಇಂಡಿಕಾ ನಿಮ್ಮ ಕಾಲಬುಡದಲ್ಲೇ ಇದ್ದೀತು.

ಕೊನೆಗೆ ಒಂದು ಬಿನ್ನಹ. ನನ್ನಂತೆ ಗುಡ್ಡದಿಂದ ಕಿತ್ತು ತರಬೇಡಿ. ಅರಣ್ಯದಿಂದ ಕೀಳುವುದು ಕಾನೂನಿಗೂ ವಿರುದ್ಧ. 1840ರ ದಶಕದಿಂದ ನೀಲಗಿರಿಯ ಹುಲ್ಲುಗಾವಲಿಗೆ ನೀಲಗಿರಿ ಮರ, ವ್ಯಾಟಲ್ ಮರ ಬಂದವು, ಅವೂ ಆಸ್ಟ್ರೇಲಿಯಾದವೇ. ಜೊತೆಗೆ ಚಹಾ ತೋಟ. ಇವುಗಳ ಕೆಳಗೆ ಹುಲ್ಲುಗಾವಲಿನ ಬಹುಪಾಲು ಹೋಯಿತು. ಗಡ್ಡೆ ಬೇಸಿಗೆಯನ್ನು ತಾಳೀತು, ಕಾಡುಗಿಚ್ಚನ್ನೂ ತಾಳೀತು. ಮಳೆಗೆ ತಲೆ ಎತ್ತಿದಾಗ ಮೇಲೆ ಬಿಸಿಲು ಬೀಳುವ ಬಯಲೇ ಇಲ್ಲದಿದ್ದರೆ ಏನು ಮಾಡೀತು?

ಒಣ ಗುಡ್ಡವನ್ನು ನೋಡಿ ಇಲ್ಲೇನಿದೆ, ಬೋಳು ಭೂಮಿ ಎನ್ನುವವರು ಊರೂರಿಗೂ ಇದ್ದಾರೆ. ಮುಂದಿನ ಬಾರಿ ಯಾರಾದರೂ ಹಾಗೆಂದರೆ, ಜುಲೈವರೆಗೆ ತಾಳಿ ಎಂದು ಹೇಳಿ.