ಜಿಗಿಯದ ದುಂಬಿಗೆ ಚಿಗಟದ ಹೆಸರು

ಅಕ್ಟೋಬರ್ ಚಾಟ್ನಿ ಮುಗಿದು ಎಂಟು-ಹತ್ತು ದಿನ ಕಳೆದಿತ್ತು. ನನ್ನ ಪಿಎಚ್‌ಡಿ ಕೆಲಸಕ್ಕಾಗಿ ಬೇಸಾಯದ ಪದಗಳನ್ನು ಕಲೆಹಾಕುತ್ತ ಅಥಣಿ ಕಡೆಯ ಒಂದು ದ್ರಾಕ್ಷಿ ತೋಟದಲ್ಲಿ ನಿಂತಿದ್ದೆ. ಬೋಳು ಬಳ್ಳಿಯ ಮೇಲೆ ಕಣ್ಣುಗಳು ಆಗತಾನೆ ಉಬ್ಬುತ್ತಿದ್ದವು. ಕೆಲವನ್ನು ಏನೋ ಕೊರೆದು ತಿಂದಿತ್ತು. ತೋಟದ ಕಾಕಾ ತಾಮ್ರದ ಹೊಳಪಿನ ಒಂದು ಸಣ್ಣ ಹುಳವನ್ನು ತೋರಿಸಿದರು.

“ಇದಕ್ಕ ಏನಂತೀರಿ ಕಾಕಾ?”

“ಉಡದ್ಯಾ. ಪುಸ್ತಕದಾಗ ಚಿಗಟ ದುಂಬಿ ಅಂತ ಬರದಿರ್ತಾರ ನೋಡು, ಅದ. ಆದ್ರ ಚಿಗಟದಂಗ ಜಿಗ್ಯಾಂಗಿಲ್ಲ. ಬಳ್ಳಿ ಅಲುಗಿಸಿದ್ರ ಪಟ್ಟನ ಕೆಳಗ ಬೀಳ್ತೈತಿ.”

ಆ ಮಾತನ್ನು ಹಾಗೇ ಬರೆದುಕೊಂಡು ಬಂದೆ. ಅದರ ಹಿಂದೆ ಒಂದೂವರೆ ಶತಮಾನದ ಕತೆ ಇದೆ ಎಂದು ತಿಳಿದದ್ದು ಗ್ರಂಥಾಲಯದಲ್ಲಿ ಕುಳಿತ ಮೇಲೆ.

ಚಿಕ್ಕೋಡಿ, ರಾಯಬಾಗದ ಕಬ್ಬು, ನಿಪ್ಪಾಣಿಯ ತಂಬಾಕು, ಅಥಣಿ-ಕಾಗವಾಡದ ದ್ರಾಕ್ಷಿ: ಈ ಗಡಿಸೀಮೆಯಲ್ಲಿ ಬೆಳೆಯ ಜೊತೆ ಮಾತೂ ಕನ್ನಡ-ಮರಾಠಿಗಳ ನಡುವೆ ಓಡಾಡುತ್ತದೆ. ಚಾಟ್ನಿ ಮರಾಠಿಯಿಂದ ಬಂದ ಮಾತು, ಉಡದ್ಯಾ ಕೂಡ. ಕೇಳಿದಾಗ ನನಗೆ ಉದ್ದಿನಕಾಳು ನೆನಪಾಗುತ್ತದೆ, ಹುಳದ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ‘ಚಿಗಟ ದುಂಬಿ’ ಮಾತ್ರ ಇಂಗ್ಲಿಷಿನ ‘ಫ್ಲೀ ಬೀಟಲ್’ ಎಂಬುದನ್ನು ಕನ್ನಡಕ್ಕೆ ಇಳಿಸಿಕೊಂಡದ್ದು. ತೊಡಕು ಶುರುವಾಗುವುದು ಅಲ್ಲಿಂದಲೇ.

ಹುಳದ ಶಾಸ್ತ್ರೀಯ ಹೆಸರು ಸ್ಕೆಲೊಡೋಂಟಾ ಸ್ಟ್ರಿಜಿಕೋಲಿಸ್. ಪ್ರಭೇದಕ್ಕೆ 1866ರಲ್ಲಿ ಹೆಸರಿಟ್ಟವರು ವಿಕ್ಟರ್ ಮೊಚುಲ್‌ಸ್ಕಿ, ರಷ್ಯಾದ ಸೈನ್ಯಾಧಿಕಾರಿ ಮತ್ತು ಕೀಟತಜ್ಞ. ಹೆಸರಿನ ಎರಡನೆಯ ಭಾಗಕ್ಕೆ ಲ್ಯಾಟಿನ್ನಿನಲ್ಲಿ ‘ಗೆರೆಗೊರಳಿನದು’ ಎಂದು ಅರ್ಥ. ಮೊದಲನೆಯದು ಗ್ರೀಕ್: ಸ್ಕೆಲೋಸ್ ಅಂದರೆ ಕಾಲು, ಓಡೋಂಟ್ ಅಂದರೆ ಹಲ್ಲು. ಅಂದರೆ ಇದು ಕಾಲಲ್ಲಿ ಹಲ್ಲುಳ್ಳ, ಗೆರೆಗೊರಳಿನ ದುಂಬಿ. ಈ ಹೆಸರಿನಲ್ಲಿ ಚಿಗಟವೂ ಇಲ್ಲ, ಜಿಗಿತವೂ ಇಲ್ಲ.

ಬ್ರಿಟಿಷ್ ಭಾರತದ ಪ್ರಾಣಿಗಳ ಕುರಿತು ಲಂಡನ್ನಿನಿಂದ ಹೊರಟ ‘ಫೌನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಎಲೆದುಂಬಿಗಳ ಕುಟುಂಬಕ್ಕೇ ಹಲವು ಸಂಪುಟಗಳಿವೆ. ಮೊದಲನೆಯದು 1908ರದು, ಬರೆದವರು ಮಾರ್ಟಿನ್ ಜಾಕೋಬಿ. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಇವರು ವೃತ್ತಿಯಿಂದ ಪಿಟೀಲುವಾದಕರು. ಪುಸ್ತಕ ಬರುವ ಮೊದಲೇ, 1907ರ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮ ಉಡದ್ಯಾ ಸೇರುವ ಯೂಮೋಲ್ಪಿನೇ ಉಪಕುಟುಂಬ ಇರುವುದು ಈ ಸಂಪುಟದಲ್ಲಿ.

ನಿಜವಾದ ಚಿಗಟ ದುಂಬಿಗಳ ಸಂಪುಟ ಬಂದದ್ದು 1926ರಲ್ಲಿ. ಅದನ್ನು ಬರೆದವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ದುಡಿದ ಭಾರತೀಯ ವಿದ್ವಾಂಸ ಸಮರೇಂದ್ರ ಮೌಲಿಕ್. ದುಂಬಿ ಹೇಗೆ ಜಿಗಿಯುತ್ತದೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1929ರಲ್ಲಿ ಅದರ ಹಿಂಗಾಲಿನ ಉಬ್ಬಿದ ತೊಡೆಯ ಒಳರಚನೆಯ ಬಗ್ಗೆ ಪ್ರತ್ಯೇಕವಾಗಿ ಬರೆದರು. ತೊಡೆಯೊಳಗೆ ಸುರುಳಿಯಂಥ ಗಟ್ಟಿ ಸ್ಪ್ರಿಂಗ್ ಒಂದಿದೆ. ಸ್ನಾಯು ಎಳೆದಾಗ ಅದರಲ್ಲಿ ಬಲ ತುಂಬಿಕೊಂಡು, ಬಿಟ್ಟಾಗ ಹುಳ ಸಿಡಿಯುತ್ತದೆ. ವಿಜ್ಞಾನ ಲೋಕ ಇಂದಿಗೂ ಅದನ್ನು ‘ಮೌಲಿಕ್ ಅಂಗ’ ಎಂದು ಕರೆಯುತ್ತದೆ. ದ್ರಾಕ್ಷಿಯ ಉಡದ್ಯಾದಲ್ಲಿ ಆ ಅಂಗವಿಲ್ಲ. ಕಾಕಾ ಹೇಳಿದ್ದು ಸರಿ, ಅದು ಜಿಗಿಯುವುದಿಲ್ಲ, ಬೀಳುತ್ತದೆ.

ಹೆಸರು ತಪ್ಪಿದರೇನು, ಹುಳ ತಿನ್ನುವುದು ತಪ್ಪುತ್ತದೆಯೇ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ‘ದ್ರಾಕ್ಷಿಯ ಫ್ಲೀ ಬೀಟಲ್’ ಎಂದು ಹುಡುಕಿದರೆ ಮೊದಲು ಸಿಗುವುದು ಅಮೆರಿಕದ ಅಲ್ಟಿಕಾ ಚಾಲಿಬಿಯಾ. ಅದು ಉಕ್ಕಿನ ನೀಲಿ ಬಣ್ಣದ, ನಿಜವಾಗಿಯೂ ಜಿಗಿಯುವ ಚಿಗಟ ದುಂಬಿ. ಅದೂ ದ್ರಾಕ್ಷಿಯ ಕಣ್ಣನ್ನೇ ತಿನ್ನುತ್ತದೆ. ಆದರೆ ಮರಿಗಳ ನಡತೆ ಬೇರೆಬೇರೆ. ಅದರ ಮರಿಹುಳು ಎಲೆಯ ಮೇಲೆ ಬಯಲಲ್ಲೇ ಮೇಯುತ್ತದೆ. ನಮ್ಮದು ಬಳ್ಳಿಯ ಸಡಿಲ ತೊಗಟೆಯ ಕೆಳಗೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಮರಿ ಮಣ್ಣಿಗಿಳಿದು ಬೇರು ತಿಂದು ಬೆಳೆಯುತ್ತದೆ. ಅಮೆರಿಕದ ಪುಟ ಓದಿದ ವಿದ್ಯಾರ್ಥಿ ಅಥಣಿಯ ತೋಟದಲ್ಲಿ ಎಲೆ ಮಗುಚಿ ಮರಿ ಹುಡುಕಿದರೆ ಏನೂ ಸಿಗದು. ಹುಳವಿಲ್ಲ ಎಂದು ಹೇಳಿ ಎದ್ದುಬಂದಾನು, ಬೇರು ಮಾತ್ರ ಸವೆಯುತ್ತಲೇ ಇರುತ್ತದೆ. ಚಾಟ್ನಿ ಹೊತ್ತಿಗೆ ಸಡಿಲ ತೊಗಟೆ ಸುಲಿದು ಹಾಕಬೇಕು, ಬಳ್ಳಿ ಅಲುಗಿಸಿ ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿನ ತಟ್ಟೆಯಲ್ಲಿ ಹಿಡಿಯಬೇಕು ಎಂಬ ಸಲಹೆಗಳು ಹುಟ್ಟಿದ್ದು ಈ ಹುಳದ ನಡತೆಯಿಂದಲೇ.

ಹಾಗೆಂದು ವಿಜ್ಞಾನದ ಹೆಸರುಗಳೆಲ್ಲ ಕಲ್ಲಿನ ಮೇಲಿನ ಶಾಸನವೇನಲ್ಲ. ‘ಅಲ್ಟಿಕಾ’ ಎಂಬ ಕುಲನಾಮ 1762ರದು, ಗ್ರೀಕಿನ ‘ಜಿಗಿಯುವ’ ಎಂಬ ಪದದಿಂದ ಬಂದದ್ದು. ಗ್ರೀಕ್ ಉಚ್ಚಾರಕ್ಕೆ ನಿಷ್ಠರಾದವರು ಅದನ್ನು ‘ಹಾಲ್ಟಿಕಾ’ ಎಂದು ತಿದ್ದಿದರು. ಮೌಲಿಕರ ಪುಸ್ತಕದಲ್ಲಿರುವುದೂ ‘ಹಾಲ್ಟಿಸಿನೇ’. ಕೊನೆಗೆ ಗೆದ್ದದ್ದು ಮೊದಲ ರೂಪ. ಒಂದು ಕಾಲದಲ್ಲಿ ಸ್ವತಂತ್ರ ಉಪಕುಟುಂಬವಾಗಿದ್ದ ಚಿಗಟ ದುಂಬಿಗಳನ್ನು ಇಂದು ಹೆಚ್ಚಿನವರು ಗ್ಯಾಲರುಸಿನೇ ಉಪಕುಟುಂಬದೊಳಗಿನ ಒಂದು ಪಂಗಡವೆಂದು ಎಣಿಸುತ್ತಾರೆ. ಜಿಗಿಯುವ ಕಾಲು ಒಂದಕ್ಕಿಂತ ಹೆಚ್ಚು ಸಲ ಬೇರೆಬೇರೆಯಾಗಿ ವಿಕಾಸವಾಗಿರಬಹುದು ಎಂದೂ ಕೆಲವು ಅಧ್ಯಯನಗಳು ಹೇಳಿವೆ. ಹಾಗಿದ್ದರೆ ಜಿಗಿತವೊಂದೇ ನಂಟಿಗೆ ಸಾಕ್ಷಿಯಾಗದು.

ನಮ್ಮ ಸೀಮೆಯವರಿಗೆ ಇದು ಹೊಸತಲ್ಲ. ನಿಪ್ಪಾಣಿ ಮೊನ್ನೆಮೊನ್ನೆವರೆಗೆ ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು, ಕಾಗವಾಡ ಅಥಣಿಯಲ್ಲಿತ್ತು. ಈಗ ಎರಡೂ ಬೇರೆ ತಾಲ್ಲೂಕುಗಳು. ಊರು ಇದ್ದಲ್ಲೇ ಇದೆ, ಕಾಗದಪತ್ರದಲ್ಲಿ ಅದರ ಮನೆ ಬದಲಾಗಿದೆ. ಆದರೆ ಹಳೆಯ ವಿಳಾಸ ಬರೆದರೆ ಕಾಗದ ಎಲ್ಲೆಲ್ಲೋ ಸುತ್ತಾಡಿ ಬರುತ್ತದೆ. ಹುಳದ ವಿಳಾಸಕ್ಕೂ ಅದೇ ಮಾತು.

ನನ್ನ ಪದಪಟ್ಟಿಯಲ್ಲಿ ಮೊದಲು ‘ಚಿಗಟ ದುಂಬಿ’ ಎಂದು ಬರೆದು, ಮುಂದೆ ‘ಆಡುಮಾತಿನಲ್ಲಿ ಉಡದ್ಯಾ’ ಎಂದು ಸೇರಿಸಿದ್ದೆ. ಈಗ ಅದನ್ನು ತಿರುಗಿಸಿದ್ದೇನೆ. ಮುಖ್ಯ ಪದ ಉಡದ್ಯಾ. ಅದರ ಕೆಳಗೆ ಮೊಚುಲ್‌ಸ್ಕಿ ಇಟ್ಟ ಹೆಸರು, ಆಮೇಲೆ ಒಂದು ಎಚ್ಚರಿಕೆ: ‘ಚಿಗಟ ದುಂಬಿ ಎಂದು ಕರೆಯುತ್ತಾರೆ, ಆದರೆ ಅಲ್ಲ’. ವಿವರಣೆಯ ಮೊದಲ ಸಾಲು ಕಾಕಾ ಅವರದೇ: ಜಿಗಿಯುವುದಿಲ್ಲ, ಬಳ್ಳಿ ಅಲುಗಿಸಿದರೆ ಕೆಳಗೆ ಬೀಳುತ್ತದೆ.